ಪರೀಕ್ಷಕರು ಹೇಳದೆ ಬಂದರೆ ಊರು ಹೇಗಿರುತ್ತದೆ?

ಪ್ರಶ್ನೆ: ನಮ್ಮದು ತುಂಗಭದ್ರೆಯ ದಂಡೆಯಲ್ಲಿರುವ ಮುನ್ನೂರು ಮನೆಗಳ ಊರು. ನನ್ನ ಅಕ್ಕನ ಮಗಳು ಐರ್ಲೆಂಡಿನ ಒಂದು ಕಡಲದಂಡೆಯ ಊರಿನಲ್ಲಿ ನರ್ಸ್ ಆಗಿದ್ದಾಳೆ. ಅಲ್ಲಿಯ ಜನ ವಾರಕ್ಕೊಂದು ಸಂಜೆ ತಾವಾಗಿಯೇ ಸೇರಿ ದಂಡೆಯ ಕಸ ಆಯುತ್ತಾರೆ, ಗಿಡ ನೆಡುತ್ತಾರೆ, ಬೆಂಚುಗಳಿಗೆ ಬಣ್ಣ ಹಚ್ಚುತ್ತಾರೆ, ಅದೆಲ್ಲ ದೇಶಮಟ್ಟದ ಒಂದು ಸ್ಪರ್ಧೆಗಾಗಿ ಎಂದು ಆಕೆ ಫೋನಿನಲ್ಲಿ ಹೇಳಿದಾಗಿನಿಂದ ನಮ್ಮ ಯುವಕ ಸಂಘಕ್ಕೂ ಹುರುಪು ಬಂದಿದೆ. ಪಂಚಾಯಿತಿಯವರು ಗಾಂಧಿ ಗ್ರಾಮ ಪುರಸ್ಕಾರಕ್ಕೆ ಪ್ರಯತ್ನಿಸೋಣ ಎನ್ನುತ್ತಿದ್ದಾರೆ. ಆದರೆ ಕಳೆದ ಸಲ ಶ್ರಮದಾನ ಮಾಡಿದ ಎಂಟೇ ದಿನಕ್ಕೆ ಊರು ಮೊದಲಿನಂತಾಯಿತು. ಅಲ್ಲದೆ ಗಟಾರಕ್ಕೆ ಇಳಿದವರು ಯಾವಾಗಲೂ ಅದೇ ಒಂದು ಓಣಿಯವರು. ಎಲ್ಲಿಂದ ಆರಂಭಿಸಬೇಕು?
(ಯುವಕ ಸಂಘದ ಕಾರ್ಯದರ್ಶಿ, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ)

ಉತ್ತರ: ನಿಮ್ಮ ಅಕ್ಕನ ಮಗಳು ಹೇಳಿದ್ದು ಐರ್ಲೆಂಡಿನ ‘ಟೈಡಿ ಟೌನ್ಸ್’ ಸ್ಪರ್ಧೆಯ ವಿಚಾರವಿರಬೇಕು. 1958ರಲ್ಲಿ ಅದು ಆರಂಭವಾದಾಗ ಹೆಸರು ಕೊಟ್ಟದ್ದು 52 ಊರುಗಳು ಮಾತ್ರ. ಮೊದಲ ಬಹುಮಾನ ಡೊನೆಗಾಲ್ ಸೀಮೆಯ ಗ್ಲೆಂಟೀಸ್ ಎಂಬ ಪುಟ್ಟ ಊರಿಗೆ ಹೋಯಿತು. ಈಚಿನ ವರ್ಷಗಳಲ್ಲಿ ಎಂಟುನೂರಕ್ಕೂ ಹೆಚ್ಚು ಊರುಗಳು ಕಣಕ್ಕೆ ಇಳಿಯುತ್ತಿವೆ. ಕಡಲದಂಡೆಯ ಊರುಗಳಾದ ಆರ್ಡ್‌ಮೋರ್ 1992ರಲ್ಲಿ, ಡಬ್ಲಿನ್ ಸೀಮೆಯ ಸ್ಕೆರೀಸ್ 2016ರಲ್ಲಿ ಇಡೀ ದೇಶಕ್ಕೆ ಮೊದಲೆನಿಸಿದವು. ಈ ಗೆಲುವುಗಳಿಗಿಂತ ನಾವು ಗಮನಿಸಬೇಕಾದದ್ದು ಆ ಸ್ಪರ್ಧೆಯ ಎರಡು ಪದ್ಧತಿಗಳನ್ನು. ಒಂದು, ಪರೀಕ್ಷಕರು ಬೇಸಿಗೆಯ ತಿಂಗಳುಗಳಲ್ಲಿ ಯಾವುದೋ ಒಂದು ದಿನ ಮುನ್ಸೂಚನೆ ಕೊಡದೆ ಬಂದು, ಊರೊಳಗೆ ಅಡ್ಡಾಡಿ ಹೋಗುತ್ತಾರೆ. ಎರಡು, ಗೆಲ್ಲಲಿ ಸೋಲಲಿ, ಹೆಸರು ಕೊಟ್ಟ ಪ್ರತಿಯೊಂದು ಊರಿಗೂ ಏನು ಚೆನ್ನಾಗಿದೆ, ಏನು ಉಳಿದಿದೆ ಎಂಬ ಲಿಖಿತ ವರದಿ ತಲುಪುತ್ತದೆ. ಹೀಗಾಗಿ ಬಹುಮಾನದ ಆಸೆಯೇ ಇಲ್ಲದ ಊರೂ ತನ್ನ ಹಿಂದಿನ ವರ್ಷದ ಅಂಕವನ್ನು ತಾನೇ ಮೀರಿಸಬೇಕೆಂದು ಕೆಲಸ ಮಾಡುತ್ತಾ ಹೋಗುತ್ತದೆ.

ನಮ್ಮಲ್ಲಿ ನಡೆಯುವುದು ಇದಕ್ಕೆ ತಿರುಗಾಮುರುಗಾ. ಪರಿಶೀಲನಾ ತಂಡ ಬರುವ ದಿನಾಂಕ ವಾರದ ಮೊದಲೇ ಗೊತ್ತಾಗುತ್ತದೆ. ಹಿಂದಿನ ರಾತ್ರಿ ರಸ್ತೆಯ ಎರಡೂ ಬದಿಗೆ ಬ್ಲೀಚಿಂಗ್ ಪೌಡರಿನ ಗೆರೆ ಬೀಳುತ್ತದೆ, ಬೇವಿನ ಮರದ ಬುಡಕ್ಕೆ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟಿ ಏರುತ್ತದೆ, ಬೆಳಿಗ್ಗೆ ಶಾಲೆಯ ಮುಂದೆ ರಂಗೋಲಿ ಅರಳುತ್ತದೆ. ಇದು ಮದುವೆಯ ಹಂದರವಿದ್ದಂತೆ. ಬೀಗರು ಹೋದ ಮರುದಿನ ಕಳಚುವುದಕ್ಕೆಂದೇ ಹಾಕಿದ್ದು. ಮಹಾರಾಷ್ಟ್ರದಲ್ಲಿ 2000ದಲ್ಲಿ ಸಂತ ಗಾಡಗೆ ಬಾಬಾ ಹೆಸರಿನ ಗ್ರಾಮ ಸ್ವಚ್ಛತಾ ಸ್ಪರ್ಧೆ ಬಂದಿತು, 2003ರಲ್ಲಿ ಕೇಂದ್ರ ಸರ್ಕಾರ ಬಯಲು ಶೌಚ ಬಿಟ್ಟ ಊರುಗಳಿಗೆಂದು ನಿರ್ಮಲ ಗ್ರಾಮ ಪುರಸ್ಕಾರವನ್ನು ಘೋಷಿಸಿತು. ಇವುಗಳಿಂದ ಒಳ್ಳೆಯದಾಗಲಿಲ್ಲವೆಂದು ನಾನು ಹೇಳಲಾರೆ. ಆದರೆ ನಿರ್ಮಲ ಗ್ರಾಮವೆಂದು ಫಲಕ ಪಡೆದ ಅನೇಕ ಊರುಗಳಲ್ಲಿ ಕೆಲವೇ ವರ್ಷಗಳಲ್ಲಿ ಶೌಚಾಲಯಗಳು ಕುಳ್ಳು, ಕಟ್ಟಿಗೆ ಒಟ್ಟುವ ಕೋಣೆಗಳಾದವು ಎಂಬುದನ್ನು ನಮ್ಮ ಭಾಗದ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಂಟು ದಿನಕ್ಕೆ ಊರು ಮೊದಲಿನಂತಾಯಿತೆಂದು ನೀವು ನೊಂದುಕೊಂಡಿದ್ದೀರಿ. ಕಡಲದಂಡೆಯವರಿಗೆ ಎಂಟು ದಿನವೂ ಸಿಗುವುದಿಲ್ಲ. ಪ್ರತಿ ಉಬ್ಬರಕ್ಕೂ ಸಮುದ್ರ ಎಲ್ಲಿಯದೋ ಬಲೆ, ಬಾಟಲಿ, ಹಗ್ಗಗಳನ್ನು ತಂದು ಮರಳಿನ ಮೇಲೆ ಚೆಲ್ಲಿ ಹೋಗುತ್ತದೆ. ಅದು ಮುಗಿಯುವ ಕೆಲಸವಲ್ಲವೆಂದು ಅವರು ಒಪ್ಪಿಕೊಂಡಿದ್ದಾರೆ, ಆದ್ದರಿಂದಲೇ ವಾರಕ್ಕೊಂದು ಸಂಜೆ ಎಂಬ ಕಟ್ಟು ಮಾಡಿಕೊಂಡಿದ್ದಾರೆ. ವರ್ಷಕ್ಕೆ ಒಂದು ದಿನ ಇನ್ನೂರು ಜನ ಸೇರುವುದಕ್ಕಿಂತ ವಾರಕ್ಕೊಮ್ಮೆ ಹತ್ತು ಜನ ಒಂದು ತಾಸು ಬರುವುದು ಎಷ್ಟೋ ಮೇಲು. ಫೋಟೋಕ್ಕೆ ಮಾತ್ರ ಅದು ಚೆನ್ನಾಗಿ ಬರುವುದಿಲ್ಲ.

ಆರಂಭ ಪೊರಕೆಯಿಂದ ಬೇಡ, ಒಂದು ನೋಟ್‌ಬುಕ್ಕಿನಿಂದ ಆಗಲಿ. ನಿಮ್ಮ ಬೀಗರ ಊರುಗಳಿಂದ ಇಬ್ಬರನ್ನು, ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ, ಪರೀಕ್ಷಕರಾಗಲು ಕೇಳಿಕೊಳ್ಳಿ; ಬೀಗರ ಊರಿನ ಕೊರತೆ ಕಾಣುವಷ್ಟು ಚುರುಕು ಕಣ್ಣು ಬೇರೆ ಯಾರಿಗೂ ಇರುವುದಿಲ್ಲ. ಒಂದು ತಿಂಗಳೊಳಗೆ ತಮಗೆ ಬೇಕಾದ ದಿನ ಅವರು ಹೇಳದೆ ಬರಲಿ, ಅಗಸಿಯಿಂದ ನದಿಯ ಘಟ್ಟದವರೆಗೆ ನಡೆಯಲಿ, ಕಂಡದ್ದನ್ನು ಬರೆದುಕೊಡಲಿ. ಅದನ್ನು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಎಲ್ಲರೆದುರು ಓದಿ, ಒಂದು ವರ್ಷದ ನಂತರ ಅವರನ್ನೇ ಮತ್ತೆ ಕರೆಸಿ.

ಅವರು ಏನು ಬರೆಯಬಹುದೆಂದು ಊಹಿಸುವುದು ಕಷ್ಟವಲ್ಲ. ಕಿರಾಣಿ ಅಂಗಡಿಯ ಮುಂದಿನ ಗುಟ್ಕಾ ಚೀಟು, ಚಹಾದ ಕಪ್ಪುಗಳನ್ನು ಅಂಗಡಿಯವರಿಗೇ ಒಂದು ಬುಟ್ಟಿ ಕೊಟ್ಟು ಸರಿಮಾಡಬಹುದು. ಬಚ್ಚಲ ನೀರು ಓಣಿಗೆ ಹರಿಯುವ ಮನೆಗಳಿಗೆ ಬಚ್ಚಲು ಗುಂಡಿಯೇ ಪರಿಹಾರ. ಉದ್ಯೋಗ ಖಾತ್ರಿಯಲ್ಲಿ ಅದಕ್ಕೆ ಹಣ ಸಿಗುತ್ತಿತ್ತು, ಈಗಿನ ನಿಯಮವನ್ನು ಪಿಡಿಒ ಅವರಿಂದ ತಿಳಿದುಕೊಳ್ಳಿ. ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ತಿಪ್ಪೆಯ ಮುಂದೆ. ಸ್ವಚ್ಛತೆಯ ಹೆಸರಿನಲ್ಲಿ ಮೊದಲು ಏಟು ಬೀಳುವುದು ತಿಪ್ಪೆಗೆ, ಊರಲ್ಲಿ ಮೊದಲು ಜಗಳವಾಗುವುದೂ ಅಲ್ಲಿಯೇ. ತಿಪ್ಪೆ ಕಸವಲ್ಲ, ರೈತನ ಗೊಬ್ಬರದ ಖಜಾನೆ. ಅದನ್ನು ಎತ್ತಿ ಒಗೆಯಿರೆಂದರೆ ಯಾರೂ ಕೇಳುವುದಿಲ್ಲ, ಕೇಳಬಾರದು ಕೂಡ. ಕೆಟ್ಟದ್ದು ಅದರೊಳಗೆ ಸೇರಿದ ಪ್ಲಾಸ್ಟಿಕ್ ಚೀಲ. ಬೇಸಿಗೆಯ ಕೊನೆಗೆ ಗೊಬ್ಬರ ಹೊಲಕ್ಕೆ ಹೋದಾಗ ಆ ಚೀಲವೂ ಹೋಗುತ್ತದೆ, ಕುಂಟೆಗೆ ಸುತ್ತಿಕೊಳ್ಳುತ್ತದೆ, ಮೇಯುವ ಎಮ್ಮೆಯ ಹೊಟ್ಟೆ ಸೇರುತ್ತದೆ. ಈ ಲೆಕ್ಕವನ್ನು ರೈತರ ಮುಂದಿಟ್ಟರೆ ಮನೆಯಲ್ಲಿಯೇ ಹಸಿ ಕಸ, ಒಣ ಕಸ ಬೇರೆ ಮಾಡುವ ಮಾತು ಉಪದೇಶವಾಗಿ ಕೇಳಿಸುವುದಿಲ್ಲ. ತಿಪ್ಪೆಗಳನ್ನು ದಾರಿಯಿಂದ ಹಿತ್ತಲಿಗೋ ಊರ ಹೊರಗಿನ ಜಾಗಕ್ಕೋ ಸರಿಸುವ ಮಾತನ್ನು ಕಾರಹುಣ್ಣಿಮೆಗೆ ಮೊದಲು, ಗೊಬ್ಬರ ಹೇಗೂ ಬಂಡಿ ಏರುವ ದಿನಗಳಲ್ಲಿ ಎತ್ತಿ. ಆಗ ಗುಂಡಿ ಖಾಲಿಯಿರುತ್ತದೆ, ಮನಸ್ಸೂ ಸಡಿಲವಾಗಿರುತ್ತದೆ.

ನಿಮ್ಮದು ಭತ್ತದ ನಾಡಾದ್ದರಿಂದ ಇನ್ನೊಂದು ಮಾತು. ಎಡದಂಡೆ ಕಾಲುವೆಯ ಬದಿಗೆ ಬಿದ್ದಿರುವ ಕ್ರಿಮಿನಾಶಕದ ಡಬ್ಬಿ, ಬಾಟಲಿಗಳನ್ನು ಶಾಲೆಯ ಮಕ್ಕಳ ಕೈಯಲ್ಲಿ ಎಂದಿಗೂ ಆಯಿಸಬೇಡಿ. ಔಷಧಿ ಹೊಡೆಯುವವರೇ ಖಾಲಿ ಡಬ್ಬಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಹಾಕಿ, ಮತ್ತೆ ಯಾರೂ ನೀರೋ ಎಣ್ಣೆಯೋ ತುಂಬಿಡದಂತೆ ತೂತು ಮಾಡಬೇಕು. ಅವುಗಳನ್ನು ಮನೆಯ ಕಸದೊಂದಿಗೆ ಬೆರೆಸದೆ, ಸುಡದೆ, ಬೀಗವಿರುವ ಒಂದೆಡೆ ಕೂಡಿಟ್ಟು, ಮುಂದೆ ಎಲ್ಲಿ ಒಪ್ಪಿಸಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಮತ್ತು ಪಂಚಾಯಿತಿಯಲ್ಲಿ ಕೇಳಿ.

ಇನ್ನು ಗಟಾರದ ಮಾತು. ನೀವು ಅದನ್ನು ಪ್ರಶ್ನೆಯ ಕೊನೆಗೆ ಇಟ್ಟಿದ್ದೀರಿ; ನಾನಾದರೆ ಮೊದಲಿಗೆ ಇಡುತ್ತಿದ್ದೆ. ಒಂದೇ ಓಣಿಯವರು ಗಟಾರಕ್ಕೆ ಇಳಿದು ಉಳಿದವರು ದಂಡೆಯ ಮೇಲೆ ನಿಂತು ಬ್ಯಾನರ್ ಹಿಡಿದರೆ ಅದು ಶ್ರಮದಾನವಲ್ಲ, ಹಳೆಯ ಬಿಟ್ಟಿಚಾಕರಿಯೇ ಹೊಸ ಟೀಶರ್ಟ್ ತೊಟ್ಟು ಬಂದದ್ದು. ಆಯಾ ಓಣಿಯ ಗಟಾರ ಆಯಾ ಓಣಿಯವರದೇ ಎಂದು ಸಭೆಯಲ್ಲಿ ಗೊತ್ತುಮಾಡಿ, ಮೊದಲ ಸಲಿಕೆಯನ್ನು ಕಾರ್ಯದರ್ಶಿಯಾದ ನೀವೇ ನಿಮ್ಮ ಮನೆಯ ಮುಂದೆ ಹಿಡಿಯಿರಿ. ಬಿಚ್ಚುಗಟಾರದ ಹೂಳಿಗೆ ಗಂಬೂಟು, ಕೈಗವಸು ಇಲ್ಲದೆ ಯಾರೂ ಇಳಿಯಕೂಡದು. ಶೌಚದ ಗುಂಡಿಗಂತೂ ಸ್ವಯಂಸೇವಕನೂ ಇಳಿಯಕೂಡದು, ಕೂಲಿಯವನೂ ಇಳಿಯಕೂಡದು. 2013ರ ಕಾಯ್ದೆ ಮಲ ಹೊರಿಸುವುದನ್ನೂ, ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸುವುದನ್ನೂ ಅಪರಾಧವೆನ್ನುತ್ತದೆ. ಅದಕ್ಕೆ ಸಕ್ಕಿಂಗ್ ಯಂತ್ರವನ್ನೇ ಕರೆಸಬೇಕು.

ಜನ ಬರುತ್ತಾರೆಯೇ ಎಂಬ ಸಂಶಯ ಕೊಪ್ಪಳ ಜಿಲ್ಲೆಯವರಿಗೆ ಬರಬಾರದು. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಮುಂದೆ ನಿಂತಾಗ ಹಿರೇಹಳ್ಳದ ಸುಮಾರು 26 ಕಿಲೋಮೀಟರ್ ಉದ್ದದ ಹೂಳು, ಜಾಲಿಗಳನ್ನು ತೆಗೆಯಲು ಸುತ್ತಲಿನ ಊರುಗಳು ದುಡ್ಡು, ದುಡಿಮೆ ಎರಡನ್ನೂ ಕೊಟ್ಟವು. ಪ್ರತಿ ಜಾತ್ರೆಗೂ ಹಳ್ಳಿಹಳ್ಳಿಯಿಂದ ಜೋಳದ ರೊಟ್ಟಿಯ ರಾಶಿ ಮಠದ ದಾಸೋಹಕ್ಕೆ ಬಂದು ಬೀಳುತ್ತದೆ. ಯಾವ ಊರಿನ ರೊಟ್ಟಿ ಹೆಚ್ಚೆಂದು ಯಾರೂ ಅಂಕ ಕೊಡುವುದಿಲ್ಲ. ಹಿರೇಹಳ್ಳಕ್ಕೆ ಕರೆಯಲು ಒಬ್ಬರು ಸ್ವಾಮಿಗಳಿದ್ದರು, ನಿಮಗೆ ಇಲ್ಲದಿರಬಹುದು. ಅದಕ್ಕಾಗಿಯೇ ವಾರ ಮತ್ತು ಹೊತ್ತು ಎರಡನ್ನೂ ಕಟ್ಟುನಿಟ್ಟು ಮಾಡಿಕೊಳ್ಳಿ. ಕರೆಯುವವರಿಲ್ಲದಿದ್ದರೂ ಜನ ಬರುವುದು ರೂಢಿ ಬಿದ್ದ ಮೇಲೆಯೇ.

ಪ್ರಶ್ನೆ: ನಮ್ಮೂರ ಸ್ವಚ್ಛತಾ ಸಮಿತಿಯವರು ನದಿದಂಡೆ ಅಂದವಾಗಿ ಕಾಣಲೆಂದು ಆಪು, ಜೇಕು, ಪೊದೆಗಳನ್ನೆಲ್ಲ ಜೆಸಿಬಿಯಿಂದ ಕೀಳಿಸಿ, ಕಾಂಕ್ರೀಟ್ ಸುರಿಸಿ, ಹೂವಿನ ಕುಂಡ ಇಡಬೇಕೆಂದಿದ್ದಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ.
(ನಿವೃತ್ತ ಶಿಕ್ಷಕರು, ಕಂಪ್ಲಿ ತಾಲ್ಲೂಕು, ಬಳ್ಳಾರಿ ಜಿಲ್ಲೆ)

ಉತ್ತರ: ನಿಮ್ಮ ಮನಸ್ಸು ಒಪ್ಪದಿರುವುದೇ ಸರಿ ಗುರುಗಳೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ತುಂಗಭದ್ರೆಯನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. ನೀರುನಾಯಿಗೆಂದೇ ಮೀಸಲಾದ ಇಂತಹ ಪ್ರದೇಶ ದೇಶದಲ್ಲಿ ಅದೇ ಮೊದಲನೆಯದು. ಬಂಡೆಗಳ ಸಂದು, ದಂಡೆಯ ಪೊದೆ, ಆಪಿನ ಮರೆ ಇವೇ ಆ ಪ್ರಾಣಿಯ ಮನೆ, ಮರಿಗಳ ತೊಟ್ಟಿಲು. ನಿಮ್ಮ ಸಮಿತಿಯವರ ಕಣ್ಣಿಗೆ ಕೊಳಕೆಂದು ಕಂಡದ್ದು ಅದು. ಆಪು, ಜೇಕುಗಳು ಗದ್ದೆಯಿಂದ ಹರಿದು ಬರುವ ಮಣ್ಣನ್ನೂ ಗೊಬ್ಬರದ ಸಾರವನ್ನೂ ತಡೆಯುತ್ತವೆ, ಮಹಾಪೂರದಲ್ಲಿ ದಂಡೆ ಕುಸಿಯದಂತೆ ಹಿಡಿದಿಡುತ್ತವೆ; ಕಾಂಕ್ರೀಟಿನಿಂದ ಇದಾವುದೂ ಆಗದು. ಮೇಲೆ ಹೇಳಿದ ಐರ್ಲೆಂಡಿನ ಸ್ಪರ್ಧೆಯಲ್ಲಿಯೂ ನಿಸರ್ಗ ಮತ್ತು ಜೀವವೈವಿಧ್ಯಕ್ಕೆ ಬೇರೆಯೇ ಅಂಕಗಳಿವೆ, ಕಾಡುಹೂವು ಬೆಳೆದ ಬೇಲಿಯನ್ನು ಬೋಳಿಸಿದ ಊರು ಅಲ್ಲಿ ಶಹಬ್ಬಾಸ್ ಪಡೆಯುವುದಿಲ್ಲ.

ಸಮಿತಿಯವರ ಕೈಗೆ ಕೆಲಸ ಬೇಕೆಂದಿದ್ದರೆ ಬೇಕಾದಷ್ಟಿದೆ. ಸ್ನಾನಘಟ್ಟದಲ್ಲಿ ಬಿಟ್ಟುಹೋದ ಬಟ್ಟೆ, ಶಾಂಪೂ ಚೀಟು, ಪೂಜೆಯ ಪ್ಲಾಸ್ಟಿಕ್ ಹಾರ, ಹರಿದ ಮೀನುಬಲೆ, ಇವನ್ನು ತೆಗೆಯಲು ಯಾರ ಅಡ್ಡಿಯೂ ಇಲ್ಲ. ನಿಮ್ಮ ಜಿಲ್ಲೆಯ ಹೆಸರನ್ನೇ ಹೊತ್ತಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಗಿಡ. ಊರ ಬದಿಯ, ಹಳ್ಳದ ಬದಿಯ ಜಾಲಿಯನ್ನು ಬೊಡ್ಡೆಸಹಿತ ಕೀಳಿಸಿದರೆ ಉಪಕಾರವೇ ಆಗುತ್ತದೆ, ಬರೀ ಕಡಿದರೆ ಮಾತ್ರ ಮುಂದಿನ ಮಳೆಗೆ ಇಮ್ಮಡಿಯಾಗಿ ಚಿಗುರುತ್ತದೆ. ಆದರೆ ನದಿಯ ಸಂರಕ್ಷಿತ ಪಟ್ಟಿಯೊಳಗೆ ಅರಣ್ಯ ಇಲಾಖೆಯವರನ್ನು ಕೇಳದೆ ಯಾವ ಯಂತ್ರವನ್ನೂ ಇಳಿಸಬೇಡಿ. ಬೆಳಗಿನ ಹೊತ್ತು ಬಂಡೆಯ ಮೇಲೆ ಮೀನಿನ ಪೊರೆ ತುಂಬಿದ ಹಿಕ್ಕೆ ಬಿದ್ದಿರುವುದನ್ನು ನಿಮ್ಮ ಸಮಿತಿಯವರಿಗೆ ಒಮ್ಮೆ ಕರೆದೊಯ್ದು ತೋರಿಸಿ; ಅದು ನೀರುನಾಯಿಯದು. ಜೆಸಿಬಿಯ ಮಾತು ಆಮೇಲೆ ಆಡಲಿ.

ಪ್ರಶ್ನೆ: ನಮ್ಮ ಪಂಚಾಯಿತಿಗೆ ಸ್ವಚ್ಛತೆಗಾಗಿ ಬಹುಮಾನದ ಹಣ ಬಂದಿದೆ. ಅಗಸಿಯಲ್ಲಿ ಸ್ವಾಗತ ಕಮಾನು ಕಟ್ಟಿಸಿ ಅದರ ಮೇಲೆ ಪುರಸ್ಕಾರದ ಹೆಸರು ಬರೆಸಬೇಕೆಂದು ಕೆಲವು ಸದಸ್ಯರು ಹಟ ಹಿಡಿದಿದ್ದಾರೆ. ತಮ್ಮ ಅಭಿಪ್ರಾಯವೇನು?
(ಪಂಚಾಯಿತಿ ಸದಸ್ಯೆ, ರಾಯಚೂರು ಜಿಲ್ಲೆ)

ಉತ್ತರ: ಬೇಡ ಎಂಬುದು ನನ್ನ ಅಭಿಪ್ರಾಯ ತಾಯಿ. ಕಸದ ವಾಹನ ಬ್ಯಾಟರಿಗೆ ದುಡ್ಡಿಲ್ಲದೆ ಪಂಚಾಯಿತಿಯ ಅಂಗಳದಲ್ಲಿ ತಿಂಗಳುಗಟ್ಟಲೆ ನಿಂತಿರುವುದನ್ನೂ, ಅದೇ ಊರಿನ ಅಗಸಿಯಲ್ಲಿ ಗ್ರಾನೈಟಿನ ಕಮಾನು ಹೊಳೆಯುವುದನ್ನೂ ನಾನು ಒಂದೇ ದಿನ ನೋಡಿದ್ದೇನೆ. ಹಣವನ್ನು ಯಾವುದಕ್ಕೆ ಬಳಸಬಹುದೆಂಬ ಆದೇಶವನ್ನು ಮೊದಲು ಓದಿಸಿಕೊಳ್ಳಿ. ನಮ್ಮ ರಾಜ್ಯದ ಬಹಳಷ್ಟು ಪಂಚಾಯಿತಿಗಳಲ್ಲಿ ಸ್ವಚ್ಛ ವಾಹಿನಿ ಎಂಬ ಈ ಕಸದ ವಾಹನವನ್ನು ಓಡಿಸುತ್ತಿರುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ. ನಿಮ್ಮಲ್ಲಿಯೂ ಹಾಗಿದ್ದರೆ ಠರಾವು ಮಾಡುವ ಮುನ್ನ ವಾಹನ ಓಡಿಸುವಾಕೆಯನ್ನು ಸಭೆಗೆ ಕರೆದು, ಕುರ್ಚಿ ಕೊಟ್ಟು, ಏನು ಬೇಕೆಂದು ಕೇಳಿ. ನಾನು ಕೇಳಿದ ಒಂದೂರಿನಲ್ಲಿ ಆಕೆ ಹೇಳಿದ್ದು ಎರಡೇ: ಅಳತೆಗೆ ಸರಿಯಾದ ಒಂದು ಜೊತೆ ಗಂಬೂಟು, ಕಸ ಇಳಿಸುವ ಜಾಗದಲ್ಲಿ ಕೈ ತೊಳೆಯಲು ಒಂದು ನಳ.