ರಿಸೆಪ್ಷನ್ ಲೆಹೆಂಗಾ ಬಾಡಿಗೆಗೆ ತನ್ನಿ, ಆ ದುಡ್ಡು ಧಾರೆ ಸೀರೆಗೆ ಹಾಕಿ

ಅಕ್ಕಾ, ವೈಶಾಖದಲ್ಲಿ ಮಗಳ ಮದುವೆ, ರಿಸೆಪ್ಷನ್‌ಗೆ ಲೆಹೆಂಗಾ ಕೊಳ್ಳೋದಾ ಬಾಡಿಗೆಗೆ ತರೋದಾ ಅಂತ ಕೇಳಿದ್ದೀರಿ. ಬೀಗರು ಏನಂದುಕೊಳ್ಳುತ್ತಾರೋ ಅನ್ನೋ ಅಳುಕೂ ನಿಮಗಿದೆ. ನಾನು ಬ್ಲೌಸ್ ಹೊಲಿಯುವವಳು, ಮದುವೆ ಸೀಸನ್ನಿನಲ್ಲಿ ಇಂಥ ಬಟ್ಟೆಗಳನ್ನು ಬಿಚ್ಚಿ ಹೊಲಿಯೋದೇ ನನ್ನ ಕೆಲಸ. ಧೈರ್ಯವಾಗಿ ಬಾಡಿಗೆಗೆ ತನ್ನಿ. ಆದರೆ ಧಾರೆ ಸೀರೆ ಮಾತ್ರ ಒಳ್ಳೆಯದನ್ನೇ ಕೊಂಡುಕೊಳ್ಳಿ.

ಸೀರೆಗೆ ಅಳತೆ ಅಂತ ಇಲ್ಲ. ಮಗಳು ಮುಂದೆ ದಪ್ಪ ಆಗಲಿ ಸಣ್ಣ ಆಗಲಿ, ಬ್ಲೌಸ್ ಒಂದು ಬದಲಿಸಿದರೆ ಸೀಮಂತಕ್ಕೂ ಗೃಹಪ್ರವೇಶಕ್ಕೂ ವರಮಹಾಲಕ್ಷ್ಮಿ ಹಬ್ಬಕ್ಕೂ ಅದೇ ಸೀರೆ ಉಡಬಹುದು. ಅಸಲಿ ಜರಿ ಇದ್ದರೆ ಸೀರೆ ಸವೆದ ಮೇಲೂ ಆ ಜರಿಗೆ ಬೆಲೆ ಸಿಗುತ್ತದೆ. ಮೈಸೂರಿನ ಸರ್ಕಾರಿ ರೇಷ್ಮೆ ಕಾರ್ಖಾನೆ 1912ರಲ್ಲಿ ಶುರುವಾಗಿದ್ದು, ಅಲ್ಲಿಯ ಸೀರೆ ಅಜ್ಜಿಯಿಂದ ಮೊಮ್ಮಗಳಿಗೆ ಬಂದು ಅದಕ್ಕೆ ಹೊಸ ಬ್ಲೌಸ್ ಹೊಲಿಸೋಕೆ ನನ್ನ ಹತ್ತಿರ ತರುತ್ತಾರೆ. ಲೆಹೆಂಗಾ ಹಾಗಲ್ಲ. ಒಂದು ಮೈಗೆ, ಒಂದು ಸಂಜೆಗೆ ಹೊಲಿದದ್ದು. ಆಮೇಲೆ ಬೀರುವಿನ ಅರ್ಧ ಜಾಗ ಹಿಡಿದು ಕೂರುತ್ತದೆ, ಮಾರೋಕೆ ಹೋದರೆ ಹಾಕಿದ ದುಡ್ಡಿನ ಹತ್ತಿರಕ್ಕೂ ಯಾರೂ ಕೇಳುವುದಿಲ್ಲ. 40,000 ರೂಪಾಯಿಯ ಲೆಹೆಂಗಾಗೆ 9,000 ಬಾಡಿಗೆ ಅಂತಿಟ್ಟುಕೊಳ್ಳಿ, ಉಳಿದ 31,000 ಧಾರೆ ಸೀರೆಗೆ ಸೇರಿದರೆ ಎಂಥ ಸೀರೆ ಬರುತ್ತದೆ ನೋಡಿ.

ಬೀಗರ ವಿಷಯಕ್ಕೆ ಬಂದರೆ, ಯಾರೋ ಉಟ್ಟ ಬಟ್ಟೆ ಅನ್ನೋ ಹಿರಿಯರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ, ಅದರಲ್ಲಿ ಭಾವನೆ ಇದೆ. ಶಾಸ್ತ್ರ ನಡೆಯುವ ಹೊತ್ತಿಗೆ ಮಗಳ ಮೈ ಮೇಲೆ ಹೊಸ ಸೀರೆಯೇ ಇರುತ್ತದೆ, ಅಂಚಿಗೆ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟಿದ್ದು. ರಿಸೆಪ್ಷನ್‌ನಲ್ಲಿ ಶಾಸ್ತ್ರ ಏನೂ ಇಲ್ಲವಲ್ಲ. ಇದನ್ನೇ ನೇರವಾಗಿ ಹೇಳಿ. ಮಂಗಳೂರು ಕಡೆ ಕ್ರೈಸ್ತರ ಮದುವೆಗಳಲ್ಲೂ ಬಿಳಿ ಗೌನ್ ಬಾಡಿಗೆಗೆ ತರುವವರಿದ್ದಾರೆ, ಮದುವೆಗೆ ಉಡುವ ಕೆಂಪು ಸೀರೆ, ಅಂದರೆ ಸಾಡೊ, ಮಾತ್ರ ಹುಡುಗಿಯ ಹತ್ತಿರವೇ ಉಳಿಯುತ್ತದೆ.

ಈಗ ಅಂಗಡಿಯಲ್ಲಿ ನೋಡಬೇಕಾದ್ದು. ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಅಂತ ಅಲ್ಲ, ನಮಗಿಂತ ಮುಂಚೆ ಇದು ಯಾವ ದಿನಕ್ಕೆ ಬುಕ್ ಆಗಿದೆ ಅಂತ. ಒಳ್ಳೆ ಮುಹೂರ್ತ ಇದ್ದ ದಿನ ಊರಿಗೆಲ್ಲ ಮದುವೆ, ಮರುದಿನವೂ ಮುಹೂರ್ತ ಇದ್ದರೆ ಒಂದು ಮಂಟಪದಿಂದ ಬಂದದ್ದು ಹಾಗೇ ಇನ್ನೊಂದಕ್ಕೆ ಹೋಗುವ ಸಂಭವ ಇರುತ್ತದೆ. ಡ್ರೈ ಕ್ಲೀನ್ ಮಾಡಿ, ಬಿಟ್ಟ ಮಣಿ ಮತ್ತೆ ಹೊಲಿಯೋಕೆ ನಡುವೆ ಮೂರು ನಾಲ್ಕು ದಿನವಾದರೂ ಬೇಕೇ ಬೇಕು. ಅಷ್ಟು ಅಂತರ ಇಲ್ಲದಿದ್ದರೆ ಎಷ್ಟೇ ಚೆನ್ನಾಗಿದ್ದರೂ ಬಿಡಿ.

ಆಮೇಲೆ ಬಟ್ಟೆಯನ್ನು ಒಳಗಡೆಯಿಂದ ತಿರುವಿ ನೋಡಿ. ಬ್ಲೌಸಿನ ಕಂಕುಳು, ಕುತ್ತಿಗೆ ಪಟ್ಟಿಯಲ್ಲಿ ಫೌಂಡೇಶನ್ ಕಲೆ, ಲೆಹೆಂಗಾದ ಕೆಳಗಿನ ಅಂಚಿನಲ್ಲಿ ಕೊಳೆ, ಹೀಲ್ ಸಿಕ್ಕಿ ಹರಿದ ಒಳಗಿನ ಗಟ್ಟಿ ನೆಟ್ ಪದರ ಅಂದರೆ ಕ್ಯಾನ್‌ಕ್ಯಾನ್, ಇವೆಲ್ಲ ಗೊಂಬೆಗೆ ಹಾಕಿ ನಿಲ್ಲಿಸಿದಾಗ ಕಾಣುವುದೇ ಇಲ್ಲ. ಬಾಗಿಲ ಹತ್ತಿರ ಹಗಲ ಬೆಳಕಿಗೆ ತಂದು ವಿಡಿಯೊ ಮಾಡಿ, ಕಂಡ ಕಲೆ, ಹರಿದದ್ದು ಎಲ್ಲ ಅಂಗಡಿಯವರ ವಾಟ್ಸಾಪ್‌ಗೆ ಅಲ್ಲೇ ನಿಂತು ಕಳಿಸಿಬಿಡಿ. ಡೆಪಾಸಿಟ್ ವಾಪಸ್ ಕೇಳುವ ದಿನ ಅದು ನಿಮ್ಮನ್ನು ಕಾಯುತ್ತದೆ.

ಟ್ರಯಲ್‌ಗೆ ಮಗಳು ಅವತ್ತು ಹಾಕುವ ಹೀಲ್ಸ್ ತಗೊಂಡೇ ಹೋಗಲಿ. ಕೆಳಗಡೆ ಬಾರ್ಡರ್ ಇರೋದರಿಂದ ಉದ್ದ ಕಮ್ಮಿ ಮಾಡಬೇಕಾದರೆ ಸೊಂಟದ ಹತ್ತಿರವೇ ಮಡಚಬೇಕು, ಜಾಸ್ತಿ ಮಡಚಿದರೆ ಹೊಟ್ಟೆ ಉಬ್ಬಿದ ಹಾಗೆ ಕಾಣುತ್ತದೆ. ಎರಡೂ ಕೈ ಎತ್ತಿ ಹಾರ ಹಾಕುವ ಹಾಗೆ ಮಾಡಿಸಿ, ಕುರ್ಚಿಯಲ್ಲಿ ಕೂರಿಸಿ, ಮೆಟ್ಟಿಲು ಹತ್ತಿಸಿ. ಮಣಿ ಕೆಲಸ ತುಂಬಾ ಇರುವ ಲೆಹೆಂಗಾ ಭಾರಿ ತೂಕ ಇರುತ್ತದೆ ಅಕ್ಕಾ, ಆ ಮಗು ಸಂಜೆ ಪೂರ್ತಿ ಸ್ಟೇಜ್ ಮೇಲೆ ನಿಲ್ಲಬೇಕು, ಮರುದಿನ ಬೆಳಗಿನ ಜಾವವೇ ಎದ್ದು ಮುಹೂರ್ತಕ್ಕೆ ತಯಾರಾಗಬೇಕು.

ನಾನು ಎಲ್ಲರಿಗೂ ಹೇಳುವ ಒಂದು ಉಪಾಯ ಇದೆ: ಲೆಹೆಂಗಾ, ದುಪಟ್ಟಾ ಮಾತ್ರ ಬಾಡಿಗೆಗೆ ತಗೊಂಡು ಬ್ಲೌಸ್ ನಿಮ್ಮದೇ ಹೊಲಿಸಿ. ಮೈಗೆ ಅಂಟೋದು ಅದೇ, ಬೆವರು ಹಿಡಿಯೋದೂ ಅದೇ, ಫೋಟೊದಲ್ಲಿ ಫಿಟ್ಟಿಂಗ್ ಎದ್ದು ಕಾಣೋದೂ ಅದೇ. ರಾ ಸಿಲ್ಕ್ ಅಥವಾ ವೆಲ್ವೆಟ್ ತಗೊಂಡು ತೋಳಿಗೆ ಸ್ವಲ್ಪ ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಮಾಡಿಸಿದರೆ ಮುಂದೆ ರೇಷ್ಮೆ ಸೀರೆಗೂ ಆಗುತ್ತದೆ. ಆದರೆ ಫೋನಿನ ಫೋಟೊ ನೋಡಿ ಬಣ್ಣ ಹೊಂದಿಸಬೇಡಿ, ಬಟ್ಟೆಯ ತುಂಡನ್ನೇ ಅಂಗಡಿಗೆ ಒಯ್ದು ಲೆಹೆಂಗಾ ಪಕ್ಕ ಇಟ್ಟು ನೋಡಿ. ಅವರ ಬ್ಲೌಸನ್ನೇ ಹಾಕುವುದಾದರೆ ಒಳಗಿನ ಮಾರ್ಜಿನ್, ಅಂದರೆ ಹೊಲಿಗೆಯಾಚೆ ಬಿಟ್ಟ ಬಟ್ಟೆ, ಎಷ್ಟಿದೆ ನೋಡಿಕೊಳ್ಳಿ. ಹಿಡಿದು ಬಿಗಿ ಮಾಡೋದು ಸುಲಭ, ಬಿಟ್ಟು ಸಡಿಲ ಮಾಡೋದು ಆ ಮಾರ್ಜಿನ್ ಇದ್ದಷ್ಟೇ.

ಬಿಲ್‌ನಲ್ಲಿ ಡ್ರೆಸ್ ನಂಬರ್, ಡೆಪಾಸಿಟ್, ಕೊಡುವ ದಿನ, ವಾಪಸ್ ಮಾಡುವ ದಿನ, ಕ್ಲೀನಿಂಗ್ ಯಾರದ್ದು, ಹರಿದರೆ ಎಷ್ಟು ಹಿಡಿಯುತ್ತಾರೆ, ಎಲ್ಲ ಬರೆಸಿ. ಮನೆಯಲ್ಲಿ ಸೂತಕ ಬಂದು ಮದುವೆ ಮುಂದಕ್ಕೆ ಹೋದರೆ ಅಡ್ವಾನ್ಸ್ ಏನಾಗುತ್ತದೆ ಅನ್ನೋದನ್ನೂ ಕೇಳಿ. ಇಂಥದ್ದನ್ನು ಕೇಳೋಕೆ ನಾಲಿಗೆ ಬರುವುದಿಲ್ಲ ನಿಜ, ಆದರೂ ಕೇಳಿ.

ಅರಿಶಿನ ಶಾಸ್ತ್ರಕ್ಕೆ ಬಾಡಿಗೆ ಬಟ್ಟೆ ಬೇಡವೇ ಬೇಡ, ಆ ಕಲೆ ಸುಲಭಕ್ಕೆ ಹೋಗುವುದಿಲ್ಲ. ಸೆಂಟ್ ಹೊಡೆದುಕೊಂಡು ಆರಿದ ಮೇಲೆ ಲೆಹೆಂಗಾ ಹಾಕಲಿ, ಜರಿ ಮೇಲೆ ಬಿದ್ದರೆ ಕಪ್ಪಾಗುತ್ತದೆ. ಊಟದಲ್ಲಿ ಏನಾದರೂ ಚೆಲ್ಲಿದರೆ ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ, ಟಿಶ್ಯೂ ಒತ್ತಿ ಹೀರಿಸಿ, ವಾಪಸ್ ಕೊಡುವಾಗ ಎಲ್ಲಿ ಏನು ಬಿತ್ತು ಅಂತ ಹೇಳಿ. ಕಲೆ ಏನು ಅಂತ ಗೊತ್ತಾದರೆ ತೆಗೆಯೋದು ಅವರಿಗೂ ಸುಲಭ. ಮರುದಿನ ಧಾರೆ ಗಡಿಬಿಡಿಯಲ್ಲಿ ನಿಮಗೆ ಇದೆಲ್ಲ ನೆನಪಿರುವುದಿಲ್ಲ. ವಾಪಸ್ ಕೊಡೋದನ್ನು ಈಗಲೇ ಚಿಕ್ಕಪ್ಪನ ಮಗನಿಗೋ ಸೋದರಮಾವನಿಗೋ ಒಪ್ಪಿಸಿ, ಬಿಲ್ಲೂ ಅವರ ಹತ್ತಿರವೇ ಇರಲಿ.