1941ರ ಬೇಸ್‌ಬಾಲ್ ಸೀಸನ್ ಅನ್ನು ಅಮೆರಿಕದವರು ಇನ್ನೂ ಯಾಕೆ ನೆನೆಯುತ್ತಾರೆ?

ಆ ಒಂದೇ ಸೀಸನ್‌ನಲ್ಲಿ ಎರಡು ದೊಡ್ಡ ಸಾಧನೆಗಳಾದವು, ಅದಕ್ಕೇ. ನ್ಯೂಯಾರ್ಕ್ ಯಾಂಕೀಸ್‌ನ ಜೋ ಡಿಮಾಜಿಯೊ ಸತತ 56 ಪಂದ್ಯಗಳಲ್ಲಿ ಕನಿಷ್ಠ ಒಂದೊಂದು ಹಿಟ್ (ಚೆಂಡನ್ನು ಹೊಡೆದು ಔಟಾಗದೆ ಬೇಸ್ ತಲುಪುವುದು) ಹೊಡೆದರು. ಜುಲೈ 17ರಂದು ಕ್ಲೀವ್‌ಲ್ಯಾಂಡ್ ತಂಡದ ಫೀಲ್ಡರ್ ಕೆನ್ ಕೆಲ್ಟ್ನರ್ ಅವರ ಎರಡು ಬಿರುಸಿನ ಹೊಡೆತಗಳನ್ನು ತಡೆದಾಗಲೇ ಆ ಸರಣಿ ನಿಂತಿದ್ದು. ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ.

ನನಗೆ ಇನ್ನೂ ಜಾಸ್ತಿ ಇಷ್ಟವಾಗುವುದು ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ ಕಥೆ. ಆಗ ಅವರಿಗೆ ಬರೀ 23 ವರ್ಷ. ಬೇಸ್‌ಬಾಲ್‌ನಲ್ಲಿ ಬ್ಯಾಟಿಂಗ್ ಸರಾಸರಿ .300 ಇದ್ದರೇ, ಅಂದರೆ ಲೆಕ್ಕಕ್ಕೆ ಬಂದ 10 ಅವಕಾಶಗಳಲ್ಲಿ 3 ಹಿಟ್ ಹೊಡೆದರೇ, ಒಳ್ಳೆಯ ಆಟಗಾರ ಅಂತಾರೆ. ಕೊನೆಯ ದಿನಕ್ಕೆ ಮುಂಚೆ ವಿಲಿಯಮ್ಸ್ ಸರಾಸರಿ .39955 ಇತ್ತು. ಸುಮ್ನೆ ಹೊರಗೆ ಕೂತಿದ್ದರೆ ಅದು .400 ಅಂತಲೇ ದಾಖಲಾಗುತ್ತಿತ್ತು. ಬೇಕಾದರೆ ಆಡಬೇಡ ಅಂತ ಮ್ಯಾನೇಜರ್ ಜೋ ಕ್ರೋನಿನ್ ಹೇಳಿದರೂ ಅವರು ಒಪ್ಪಲಿಲ್ಲ. ಸೆಪ್ಟೆಂಬರ್ 28, ಫಿಲಡೆಲ್ಫಿಯಾ, ಒಂದೇ ದಿನ ಎರಡು ಪಂದ್ಯ. ಲೆಕ್ಕಕ್ಕೆ ಬಂದ 8 ಅವಕಾಶಗಳಲ್ಲಿ 6 ಹಿಟ್! ಸರಾಸರಿ .406ಕ್ಕೆ ಏರಿತು. ಎಂಥ ಧೈರ್ಯ ಅಲ್ವಾ?

ಡಿಸೆಂಬರ್ 7ಕ್ಕೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿತು. ಅದರ ಬೆನ್ನಲ್ಲೇ ಕ್ಲೀವ್‌ಲ್ಯಾಂಡ್‌ನ ವೇಗದ ಪಿಚರ್ (ಚೆಂಡು ಎಸೆಯುವ ಆಟಗಾರ) ಬಾಬ್ ಫೆಲ್ಲರ್ ನೌಕಾಪಡೆ ಸೇರಿದರು. ಡಿಮಾಜಿಯೊ, ವಿಲಿಯಮ್ಸ್ ಇಬ್ಬರೂ 1943ರಿಂದ 1945ರವರೆಗೆ ಮೂರು ಸೀಸನ್ ಪೂರ್ತಿ ಸೇನೆಯಲ್ಲೇ ಕಳೆದರು.