150 ಲೀಟರ್ ಎಲ್ಲಿ ಹೋಯಿತು?

ಪ್ರಿಯ ಬರಹಗಾರರೆ,

ಮೆಕ್‌ಲಾರೆನ್ ತಂಡದ ಫಾರ್ಮುಲಾ ಒನ್ ರೇಸು ಕಾರು ಎಂಪಿ4/4ರ ಬಗ್ಗೆ ನೀವು ಕಳಿಸಿದ ‘ರಾಕ್ಷಸ ರಥ’ ಲೇಖನವನ್ನು ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ. 1988ರ 16 ರೇಸುಗಳಲ್ಲಿ 15 ಗೆಲುವು, 15 ಪೋಲ್ (ಓಟವನ್ನು ಎಲ್ಲರಿಗಿಂತ ಮುಂದಿನಿಂದ ಶುರುಮಾಡುವ ಸ್ಥಾನ), ಗೆಲುವಿನಲ್ಲಿ ತಂಡದ ಚಾಲಕರಾದ ಸೆನ್ನಾಗೆ 8, ಪ್ರಾಸ್ಟ್‌ಗೆ 7 ಎಂಬ ಲೆಕ್ಕವೂ ಸರಿಯಾಗಿದೆ. ಆದರೂ ಇದನ್ನು ಈ ರೂಪದಲ್ಲಿ ಅಚ್ಚು ಹಾಕಲಾರೆ. ಮೂರನೆಯ ಪ್ಯಾರಾ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಯಾಕೆಂದರೆ ಈ ಕಾರಿನ ಹೆಚ್ಚುಗಾರಿಕೆ ಎಲ್ಲಿದೆಯೋ ಅಲ್ಲೇ ನೀವು ಕಣ್ಣು ಮುಚ್ಚಿಕೊಂಡಿದ್ದೀರಿ.

‘1000 ಅಶ್ವಶಕ್ತಿಯ ಟರ್ಬೊ ರಾಕ್ಷಸನ ಮುಂದೆ ಉಳಿದವರು ಧೂಳೀಪಟವಾದರು’ ಎಂದು ಬರೆದಿದ್ದೀರಿ. ಸಾವಿರ ಅಶ್ವಶಕ್ತಿ ಎನ್ನುವುದು 1986ರ ಮಾತು. ಆಗ ಬೂಸ್ಟ್‌ಗೆ, ಅಂದರೆ ಟರ್ಬೊ ಎಂಜಿನಿಗೆ ತುಂಬುವ ಗಾಳಿಯ ಒತ್ತಡಕ್ಕೆ, ಮಿತಿ ಇರಲಿಲ್ಲ. ಪೋಲ್‌ಗೆಂದೇ ಕಟ್ಟಿದ ಎಂಜಿನ್ ಕೆಲವೇ ಲ್ಯಾಪ್ ಬಾಳಿದರೆ ಸಾಕಿತ್ತು. 1987ರಲ್ಲಿ 4 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡದಷ್ಟು) ಮಿತಿ ಬಂತು, 1988ರಲ್ಲಿ ಅದು 2.5ಕ್ಕೆ ಇಳಿಯಿತು. ಆ 2.5ರಲ್ಲಿ ವಾತಾವರಣದ ಒತ್ತಡವೂ ಸೇರಿದೆ, ಅಂದರೆ ಟರ್ಬೊ ಕೂಡಿಸುತ್ತಿದ್ದದ್ದು ಒಂದೂವರೆ ಬಾರ್ ಮಾತ್ರ. ಮಿತಿ ಮೀರಿದರೆ ಪಾಪ್-ಆಫ್ ವಾಲ್ವ್ ಎಂಬ ಒತ್ತಡ ಬಿಡುವ ಕವಾಟ ತೆರೆದುಕೊಂಡು ಒತ್ತಡ ಮಿತಿಗಿಂತಲೂ ಕೆಳಕ್ಕೆ ಕುಸಿಯುತ್ತಿತ್ತು, ಮತ್ತೆ ಏರಲು ಹೊತ್ತು ಹಿಡಿಯುತ್ತಿತ್ತು. ಹಾಗಾಗಿ ಮಿತಿಯ ಅಂಚಿನಿಂದ ಚೂರು ಕೆಳಗೇ ಓಡಿಸಬೇಕಿತ್ತು. ಈ ಕಟ್ಟಿನೊಳಗೆ ಹೋಂಡಾದ ಆರ್‌ಎ168ಇ, 1.5 ಲೀಟರಿನ ವಿ6 ಎಂಜಿನ್, ಕೊಟ್ಟದ್ದು ಸುಮಾರು 685 ಅಶ್ವಶಕ್ತಿ. ಟರ್ಬೊ ಇಲ್ಲದ 3.5 ಲೀಟರಿನ ಎದುರಾಳಿಗಳು 600ರ ಆಸುಪಾಸಿನಲ್ಲಿದ್ದರು. ಆ ಕಾರುಗಳ ಕನಿಷ್ಠ ತೂಕ 500 ಕಿಲೊ, ಟರ್ಬೊ ಕಾರುಗಳದು 540. ಈ ಸಾಲುಗಳನ್ನು ಬರೆದ ಮೇಲೆ ‘ರಾಕ್ಷಸ’ ಎನ್ನಲು ನಿಮಗೇ ಮನಸ್ಸು ಬರುವುದಿಲ್ಲ. ಲೇಖನದಲ್ಲಿ ಆ ಪದ ಹನ್ನೊಂದು ಸಲ ಬಂದಿದೆ. ಹನ್ನೊಂದನ್ನೂ ತೆಗೆಯಿರಿ.

ಮುಂದಿನ ಸಾಲು: ‘ಇಂಧನಕ್ಕೂ ಮಿತಿ ಇತ್ತು.’ ಮೂರು ಪದಗಳಲ್ಲಿ ಮುಗಿಸಿಬಿಟ್ಟಿರಿ! ಆ ವರ್ಷದ ಕತೆಯೆಲ್ಲ ಅಲ್ಲಿದೆ. ಟರ್ಬೊ ಕಾರಿಗೆ ಇಡೀ ರೇಸಿಗೆ 150 ಲೀಟರ್; ಹಿಂದಿನ ವರ್ಷ 195 ಇತ್ತು. ಸುಮಾರು 305 ಕಿಲೊಮೀಟರ್ ಓಡಬೇಕು, ಅಂದರೆ ಲೀಟರಿಗೆ ಎರಡು ಕಿಲೊಮೀಟರ್. ಟರ್ಬೊ ಇಲ್ಲದವರಿಗೆ ಈ ಮಿತಿಯೇ ಇರಲಿಲ್ಲ. ಮಿತಿ ಇದ್ದದ್ದು ಲೀಟರಿನಲ್ಲಿ, ಕಿಲೊದಲ್ಲಲ್ಲ ಎಂಬುದನ್ನು ಗಮನಿಸಿ. ಆದ್ದರಿಂದಲೇ ಹೋಂಡಾ ಟಾಲ್ಯೂಯಿನ್ ಎಂಬ ರಾಸಾಯನಿಕ ದ್ರವವನ್ನು ಇಂಧನವಾಗಿ ಆರಿಸಿಕೊಂಡಿತು. ಅದು ಪೆಟ್ರೋಲಿಗಿಂತ ಸಾಂದ್ರ. ಒಂದೇ ಲೀಟರಿನಲ್ಲಿ ಹೆಚ್ಚು ಶಕ್ತಿ ಹಿಡಿಯುತ್ತದೆ, ಎಂಜಿನ್ ನಾಕ್ ಆಗುವುದನ್ನೂ, ಅಂದರೆ ಇಂಧನ ಹೊತ್ತಿಗೆ ಮೊದಲೇ ತಾನಾಗಿ ಸಿಡಿಯುವುದನ್ನೂ, ತಡೆಯುತ್ತದೆ. ನಾಕ್ ತಡೆಯುವ ಬಲವನ್ನು ಅಳೆಯುವ ಆಕ್ಟೇನ್ ಸಂಖ್ಯೆ 102 ದಾಟಬಾರದೆಂಬ ನಿಯಮ ಇದ್ದುದರಿಂದ ಶೇ 84ರಷ್ಟು ಟಾಲ್ಯೂಯಿನ್‌ಗೆ ಶೇ 16ರಷ್ಟು ಹೆಪ್ಟೇನ್ ಬೆರೆಸಿ ಅದನ್ನು ಕೆಳಗಿಳಿಸಿದರು. ತೊಡಕೂ ಇತ್ತು. ಟಾಲ್ಯೂಯಿನ್ ಕುದಿಯುವುದು ಸುಮಾರು 110 ಡಿಗ್ರಿಯಲ್ಲಿ. ತಣ್ಣಗಿದ್ದರೆ ಸರಿಯಾಗಿ ಆವಿಯಾಗದೆ ಅರೆಬರೆ ಉರಿದು, ಉಳಿಸಿದ್ದೆಲ್ಲ ವ್ಯರ್ಥವಾಗುತ್ತದೆ. ಅದಕ್ಕೇ ಇಂಧನವನ್ನು ಬಿಸಿ ಮಾಡಿ ಇಂಜೆಕ್ಟರಿಗೆ ಕೊಟ್ಟರು. ನಿಮ್ಮ ಓದುಗರಿಗೆ ಬೇಕಾದದ್ದು ಈ ಕಾರ್ಯಕಾರಣದ ಎಳೆ.

ನಾನು ಕೆಲಸ ಕಲಿಯುವಾಗ ಪ್ರತಿ ಅಂಕಿಯ ಪಕ್ಕ ‘ಇದರಿಂದ ಏನಾಯಿತು?’ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುವ ಅಭ್ಯಾಸ ಮಾಡಿಸಿದ್ದರು. ಉತ್ತರ ಸಿಗದ ಅಂಕಿ ಲೇಖನದಿಂದ ಹೊರಗೆ. ನಿಮ್ಮ ಪ್ರತಿಯ ಅಂಚಿನಲ್ಲೂ ಹಾಗೇ ಬರೆದಿದ್ದೇನೆ.

ಇನ್ನೊಂದು ಸಾಲು: ‘ಹೋಂಡಾ ಎಂಜಿನ್ ಕೈಗೆ ಸಿಕ್ಕವರಿಗೆ ಗೆಲುವು ಕಟ್ಟಿಟ್ಟ ಬುತ್ತಿ.’ ಇದು ಸುಳ್ಳು. ಅದೇ ವರ್ಷ ಅದೇ ಎಂಜಿನ್ ಲೋಟಸ್ 100ಟಿ ಕಾರಿನಲ್ಲೂ ಇತ್ತು. ಓಡಿಸಿದವರು ಪಿಕೆ ಮತ್ತು ನಕಾಜಿಮಾ. ಒಂದು ಗೆಲುವೂ ಬರಲಿಲ್ಲ. ಪಿಕೆ ಮೂರು ಸಲ ಮೂರನೆಯ ಸ್ಥಾನ ಪಡೆದದ್ದೇ ದೊಡ್ಡದು. ತಂಡಗಳ ಪಟ್ಟಿಯಲ್ಲಿ ಮೆಕ್‌ಲಾರೆನ್‌ಗೆ 199 ಅಂಕ, ಲೋಟಸ್‌ಗೆ 23. ಆ ಅಂತರ ಹುಟ್ಟಿದ್ದು ಎಲ್ಲಿ ಎಂದು ನೀವು ಕೇಳಿಕೊಳ್ಳಲೇ ಇಲ್ಲ.

ಅದು ಚಾಸಿಯಲ್ಲಿದೆ, ಅಂದರೆ ಎಂಜಿನ್ ಬಿಟ್ಟು ಉಳಿದ ಕಾರಿನ ವಿನ್ಯಾಸದಲ್ಲಿ. ಟ್ಯಾಂಕು 45 ಲೀಟರ್ ಕುಗ್ಗಿತು, ಕಾರನ್ನು ತಗ್ಗಿಸಲು ದಾರಿಯಾಯಿತು. ಚಾಲಕ ಬಹುಮಟ್ಟಿಗೆ ಮಲಗಿಕೊಂಡೇ ಓಡಿಸಿದ. ಕಾರನ್ನು ನೆಲಕ್ಕೆ ಒತ್ತುವ ಹಿಂದಿನ ರೆಕ್ಕೆಗೆ ಅಡೆತಡೆಯಿಲ್ಲದೆ ಗಾಳಿ ಸಿಕ್ಕಿತು. ಈ ಕಾರಿನ ತಂತ್ರಜ್ಞರಲ್ಲಿ ಒಬ್ಬರಾದ ಗಾರ್ಡನ್ ಮರ್ರಿ ಇದನ್ನೇ 1986ರಲ್ಲಿ ಬ್ರಾಭಮ್ ತಂಡದ ಬಿಟಿ55 ಕಾರಿನಲ್ಲಿ ಮಾಡಹೋಗಿದ್ದರು. ಅಲ್ಲಿ ಎತ್ತರದ ನಾಲ್ಕು ಸಿಲಿಂಡರಿನ ಬಿಎಂಡಬ್ಲ್ಯು ಎಂಜಿನನ್ನು ಓರೆಯಾಗಿ ಮಲಗಿಸಬೇಕಾಯಿತು, ಎಣ್ಣೆ ಸರಿಯಾಗಿ ಹರಿದು ವಾಪಸಾಗಲಿಲ್ಲ, ವರ್ಷವೆಲ್ಲ ಸೇರಿ ಸಿಕ್ಕಿದ್ದು 2 ಅಂಕ. ಹೋಂಡಾದ ವಿ6 ಗಿಡ್ಡ. ಕ್ರ್ಯಾಂಕ್‌ಶಾಫ್ಟಿನ (ಎಂಜಿನಿನ ಮುಖ್ಯ ತಿರುಗುಕಂಬಿಯ) ತುದಿಯಲ್ಲಿ ಕೂರುವ ಕ್ಲಚ್ಚನ್ನು ಚಿಕ್ಕದು ಮಾಡಿದ್ದರಿಂದ ಆ ಕಂಬಿ ನೆಲಕ್ಕೆ ಇನ್ನಷ್ಟು ಹತ್ತಿರ ಕೂತಿತು. ಆದರೆ ಕ್ರ್ಯಾಂಕ್ ಇಳಿದರೂ ಚಕ್ರದ ನಡುಮಧ್ಯ ಇಳಿಯುವುದಿಲ್ಲವಲ್ಲ. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರೈವ್‌ಶಾಫ್ಟ್ ಓರೆಯಾಗಿ, ಕೀಲುಗಳು ಕಾದು ಸವೆಯುತ್ತವೆ. ಎರಡು ಶಾಫ್ಟಿನ ಬದಲು ಮೂರು ಶಾಫ್ಟಿನ ಗೇರ್‌ಬಾಕ್ಸ್ ಕಟ್ಟಿ, ಶಕ್ತಿಯನ್ನು ಒಂದು ಮೆಟ್ಟಿಲು ಮೇಲೆತ್ತಿ ಹೊರಗೆ ಕೊಟ್ಟರು. ನೀವು ‘ಒಬ್ಬ ಮಾಂತ್ರಿಕನ ಕೈಚಳಕ’ ಎಂದಿದ್ದೀರಿ. ಮುಖ್ಯ ವಿನ್ಯಾಸಕ ಸ್ಟೀವ್ ನಿಕೋಲ್ಸ್, ತಾಂತ್ರಿಕ ನಿರ್ದೇಶಕ ಮರ್ರಿ. ಶ್ರೇಯಸ್ಸು ಯಾರದ್ದೆಂದು ಅವರಿಬ್ಬರ ನಡುವೆಯೇ ಭಿನ್ನಾಭಿಪ್ರಾಯ ಇದೆ. ಇಬ್ಬರ ಹೆಸರನ್ನೂ ಹಾಕಿ.

ಕೊನೆಗೆ ಮೊಂಜಾ, ಆ ವರ್ಷ ಮೆಕ್‌ಲಾರೆನ್ ಸೋತ ಒಂದೇ ರೇಸು. ‘ದುರದೃಷ್ಟ ಕಾಡಿತು’ ಎಂದು ದಾಟಿಬಿಟ್ಟಿದ್ದೀರಿ. ಪ್ರಾಸ್ಟ್ ಎಂಜಿನ್ ಕೈಕೊಟ್ಟಿತು. ಅದಕ್ಕೆ ಮೊದಲು ಅವರಿಬ್ಬರ ಪೈಪೋಟಿಯಲ್ಲಿ ಸೆನ್ನಾ ಹೆಚ್ಚು ಇಂಧನ ಸುಟ್ಟಿದ್ದರು, ಆಮೇಲೆ ಉಳಿಸಲು ವೇಗ ತಗ್ಗಿಸಬೇಕಾಯಿತು. ಬರ್ಜರ್ ಅವರ ಫೆರಾರಿ ಹತ್ತಿರವಾಗುತ್ತ ಬಂತು. ಮುಗಿಯಲು ಎರಡೇ ಲ್ಯಾಪ್ ಇದ್ದಾಗ, ಮ್ಯಾನ್ಸೆಲ್ ಬದಲಿಗೆ ವಿಲಿಯಮ್ಸ್ ಓಡಿಸುತ್ತಿದ್ದ ಷ್ಲೆಸರ್ ಅವರನ್ನು ಸೆನ್ನಾ ಮೊದಲ ಷಿಕೇನ್‌ನಲ್ಲಿ (ವೇಗ ತಗ್ಗಿಸಲು ಮಾಡಿದ ಬಿಗಿ ತಿರುವುಗಳಲ್ಲಿ) ದಾಟಹೋದಾಗ ಎರಡೂ ಕಾರು ತಗುಲಿ ಸೆನ್ನಾ ಓಟ ಅಲ್ಲಿಗೇ ಮುಗಿಯಿತು. ಎಂಜೊ ಫೆರಾರಿ ತೀರಿಕೊಂಡು ಒಂದು ತಿಂಗಳೂ ಆಗಿರಲಿಲ್ಲ. ಬರ್ಜರ್ ಮೊದಲಿಗರಾದರು, ಅಲ್ಬೊರೆಟೊ ಎರಡನೆಯವರು. ಇಲ್ಲಿ ಅದೃಷ್ಟದ ಪಾಲೂ ಇದೆ, ಒಪ್ಪುತ್ತೇನೆ. ಆದರೆ ಬರ್ಜರ್ ಅಷ್ಟು ಹತ್ತಿರ ಬಂದದ್ದಕ್ಕೆ ಕಾರಣ ಆ 150 ಲೀಟರ್.

ನಿಮ್ಮ ಲೇಖನದ ಅಂಕಿಪಟ್ಟಿ, ಮೊನಾಕೊ ರೇಸಿನ ಭಾಗ ಹಾಗೇ ಇರಲಿ. ಮೂರನೆಯ ಪ್ಯಾರಾವನ್ನು ಟ್ಯಾಂಕಿನಿಂದ ಶುರುಮಾಡಿ, ಅಲ್ಲಿಂದ ಎಂಜಿನ್, ಆಮೇಲೆ ಚಾಸಿ, ಮೊಂಜಾ ಎಂದು ಹೊಸದಾಗಿ ಬರೆದು ಕಳಿಸಿ. ಕಾಯುತ್ತಿರುತ್ತೇನೆ.

— ಸಂಪಾದಕ